ಹಳ್ಳದ ಆಚೆ, ಹಳ್ಳದ ಈಚೆ

ಬವೇರಿಯಾದಿಂದ ಥುರಿಂಗಿಯಾಕ್ಕೆ ನಾನು ಒಂದೇ ಒಂದು ದಾಪುಗಾಲಿನಲ್ಲಿ ಹೋದೆ. ಪ್ಯಾಂಟು ಮಡಚುವ ಪ್ರಮೇಯವೂ ಬರಲಿಲ್ಲ. ನಡುವೆ ಹರಿಯುವ ತಾನ್‌ಬಾಖನ್ನು ಹಳ್ಳ ಅನ್ನುವುದೇ ಅದಕ್ಕೆ ಕೊಡುವ ದೊಡ್ಡ ಮರ್ಯಾದೆ. ಜರ್ಮನಿಯ ನಡುಭಾಗದ ಈ ನೀರಿನ ಎರಡೂ ದಡಕ್ಕೆ ಚೆಲ್ಲಿಕೊಂಡಂತಿರುವ ಊರು ಮ್ಯೋಡ್ಲಾರಾಯ್ಟ್. ಜನ ಸುಮಾರು 50. ಊರಿಗೆ ಊರೇ ಮದುವೆಗೆ ಹೊರಟರೂ ಒಂದು ಬಸ್ಸು ಸಾಕು.

ಹೆಸರಿನ ಬಾಲದಲ್ಲಿರುವ ‘ರಾಯ್ಟ್’ ಎಂದರೆ ಕಾಡು ಕಡಿದು ಹಸನು ಮಾಡಿದ ನೆಲ. ಸಂಗೀತಕ್ಕೆ ಹೆಸರಾದ ಬೈರಾಯ್ಟ್‌ನ ಬಾಲವೂ ಇದೇ. ಸುತ್ತ ಏರಿಳಿಯುವ ಹುಲ್ಲುಗಾವಲು, ಅಂಚಿಗೆ ಕಪ್ಪು ಹಸಿರಿನ ಕಾಡು, ದನದ ಕೊಟ್ಟಿಗೆಯ ವಾಸನೆ. ಆ ವಾಸನೆಗೆ ಮಾತ್ರ ಗಡಿ ಇದ್ದಂತಿಲ್ಲ.

ಗಡಿ ಹಳೆಯದು. 1810ರಲ್ಲಿ ಬವೇರಿಯಾ ರಾಜ್ಯಕ್ಕೂ ರಾಯ್ಸ್ ಸಂಸ್ಥಾನಕ್ಕೂ ನಡುವೆ ಹಳ್ಳದ ಗುಂಟ ಕಲ್ಲು ನೆಟ್ಟರು. ಕಲ್ಲು ರಾಜರದ್ದು, ಊರಿನವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಶಾಲೆಯೂ ಹೆಂಡದಂಗಡಿಯೂ ಥುರಿಂಗಿಯಾದ ದಡದಲ್ಲಿ, ಭಾನುವಾರದ ಚರ್ಚು ಬವೇರಿಯಾದ ಪಕ್ಕದೂರು ಟ್ಯೋಪೆನ್‌ನಲ್ಲಿ. ಅಕ್ಷರಕ್ಕೂ ಬಿಯರಿಗೂ ಆಚೆ ಹೋದವರು ಪಾಪ ಕಳೆಯಲು ಈಚೆ ಬರುತ್ತಿದ್ದರು. ಒಳ್ಳೆಯ ಏರ್ಪಾಡು.

ಯುದ್ಧ ಮುಗಿದ ಮೇಲೆ ಆಚೆ ರಷ್ಯನ್ನರು, ಈಚೆ ಅಮೆರಿಕನ್ನರು. 1949ರಲ್ಲಿ ಎರಡು ದೇಶಗಳೇ ಆದವು. 1952ರಲ್ಲಿ ಪೂರ್ವದವರು ಹಲಗೆಯ ಬೇಲಿ ಎಬ್ಬಿಸಿದರು. 1966ರಲ್ಲಿ ಅದರ ಜಾಗಕ್ಕೆ ಕಾಂಕ್ರೀಟ್ ಗೋಡೆ ಬಂತು: 700 ಮೀಟರ್ ಉದ್ದ, 3.3 ಮೀಟರ್ ಎತ್ತರ. ಅಮೆರಿಕದ ಸೈನಿಕರು ಈ ಊರಿಗೆ ‘ಪುಟ್ಟ ಬರ್ಲಿನ್’ ಎಂದು ಹೆಸರಿಟ್ಟರು. 1983ರಲ್ಲಿ ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ ಬಂದು ನೋಡಿಹೋದರು.

ನನ್ನನ್ನು ಕಾಡಿದ್ದು ಗೋಡೆಯ ಎತ್ತರವಲ್ಲ. ಈಚೆ ದಿಬ್ಬದ ಮೇಲೆ ನಿಂತರೆ ಆಚೆ ಮನೆಯ ಅಂಗಳ ಕಾಣುತ್ತದೆ, ಒಗೆದು ಹರವಿದ ಬಟ್ಟೆ ಕಾಣುತ್ತದೆ, ಬಟ್ಟೆ ಹರವಿದವಳೂ ಕಾಣುತ್ತಾಳೆ. ಈಚೆಯವರು ಕೈಬೀಸಿದರೆ ಅವಳು ತಿರುಗಿ ಕೈಬೀಸುವ ಹಾಗಿರಲಿಲ್ಲ. ಪೂರ್ವದ ದಡದವರಿಗೆ ಈಚೆಯವರನ್ನು ಮಾತಾಡಿಸುವುದು, ಸನ್ನೆ ಮಾಡುವುದು ನಿಷಿದ್ಧ. ನೆಂಟರಿಷ್ಟರು ಅವರನ್ನು ನೋಡಲು ಬರಬೇಕಾದರೂ ಪರವಾನಗಿ ಬೇಕು. ರಾತ್ರಿಯಿಡೀ ಗೋಡೆಗೆ ದೀಪ. ಬೆಳದಿಂಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲವೇನೋ.

ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರ್ 9ಕ್ಕೆ. ಇಲ್ಲಿ ನಡೆದುಹೋಗಲು ದಾರಿ ಬಿಟ್ಟದ್ದು ಮತ್ತೊಂದು ತಿಂಗಳ ಮೇಲೆ, ಡಿಸೆಂಬರ್ 9ಕ್ಕೆ. ಹಳ್ಳಿಗೆ ಸುದ್ದಿ ಎಲ್ಲ ಕಡೆಯೂ ತಡವಾಗಿಯೇ ಬರುತ್ತದೆ. ಮರುವರ್ಷ ಜೂನ್ 17ರಂದು ಯಂತ್ರ ತಂದು ಗೋಡೆ ಕೆಡವಿದರು. ಸುಮಾರು 100 ಮೀಟರ್ ಉಳಿಸಿಕೊಂಡು ಮ್ಯೂಸಿಯಂ ಮಾಡಿದ್ದಾರೆ. ಈಗ ಅಲ್ಲಿಗೆ ಬಸ್ಸುಗಟ್ಟಲೆ ಶಾಲಾಮಕ್ಕಳು ಬರುತ್ತಾರೆ. ಗೋಡೆಯನ್ನು ನೋಡಿದ್ದಕ್ಕಿಂತ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದೇ ಹೆಚ್ಚು. ನಾನೂ ತೆಗೆಸಿಕೊಂಡೆ.

ಗೋಡೆ ಹೋಯಿತು, ರಾಜರ ಕಲ್ಲು ಗೆದ್ದಿತು. ಊರು ಇವತ್ತಿಗೂ ಎರಡು ರಾಜ್ಯಕ್ಕೆ ಸೇರಿದೆ. ಪಿನ್‌ಕೋಡ್ ಎರಡು, ಫೋನಿನ ಕೋಡ್ ಎರಡು, ಮೇಯರ್ ಇಬ್ಬರು, ಕಾರಿನ ನಂಬರ್ ಪ್ಲೇಟಿನ ಅಕ್ಷರಗಳೂ ಬೇರೆ. ಅಕ್ಟೋಬರ್ 31 ಆಚೆ ದಡಕ್ಕೆ ರಜೆ, ಮಾರ್ಟಿನ್ ಲೂಥರನ ನೆನಪಿಗೆ. ಮಾರನೆಯ ದಿನ ನವೆಂಬರ್ 1 ಈಚೆ ದಡಕ್ಕೆ ರಜೆ, ಸಂತರ ಹಬ್ಬಕ್ಕೆ. ಎರಡೂ ದಿನ ಮೈಗಳ್ಳತನ ಮಾಡಬೇಕೆನ್ನುವವನು ಇಲ್ಲಿ ಒಂದು ಮನೆ ಮಾಡಿ, ರಾತ್ರಿ ಹಳ್ಳ ಹಾರಿದರಾಯಿತು.

ನಮಸ್ಕಾರವೂ ಎರಡು ಬಗೆ. ಬವೇರಿಯಾದವರು ‘ಗ್ರ್ಯೂಸ್ ಗಾಟ್’ ಎಂದು ದೇವರನ್ನು ಕರೆಯುತ್ತಾರೆ. ಥುರಿಂಗಿಯಾದವರು ‘ಗೂಟನ್ ಟಾಗ್’ ಎಂದು ದಿನ ಒಳ್ಳೆಯದಾಗಲಿ ಎನ್ನುತ್ತಾರೆ. ಹೊರಡುವ ಹೊತ್ತಿಗೆ ಟ್ರಾಕ್ಟರಿನಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಎದುರಾದರು. ಯಾವ ದಡದವರೋ ತಿಳಿಯದೆ ನಾನು ಬಾಯಿ ತೆರೆದವನು ತೆರೆದಂತೆಯೇ ನಿಂತೆ. ಅವರು ಸ್ಟೇರಿಂಗ್ ಬಿಟ್ಟು ಕೈ ಮೇಲೆತ್ತಿ ಬೀಸಿ, ಮುಂದೆ ಹೋದರು.