ಬೆನ್ನು ಹೇಳುವ ಮಾತು

ಕನ್ನಡದ ನುಡಿಗಟ್ಟುಗಳಲ್ಲಿ ಬೆನ್ನಿಗೆ ದೊಡ್ಡ ಸ್ಥಾನವಿದೆ. ಮೆಚ್ಚಿದವರ ಬೆನ್ನು ತಟ್ಟುತ್ತೇವೆ, ಕಷ್ಟಕ್ಕೆ ಒದಗಿದವರನ್ನು ಬೆನ್ನಿಗೆ ನಿಂತವರೆನ್ನುತ್ತೇವೆ, ರೈತನನ್ನು ದೇಶದ ಬೆನ್ನೆಲುಬೆಂದು ಮಕ್ಕಳಿಂದ ಪ್ರಬಂಧ ಬರೆಸುತ್ತೇವೆ. ಆದರೆ ಅದೇ ಬೆನ್ನು ನೋಯುತ್ತಿದೆ ಎಂದರೆ “ವಯಸ್ಸಾಯಿತಲ್ಲ” ಎಂದೋ “ವಾಯು ಹಿಡಿದಿರಬೇಕು” ಎಂದೋ ತಳ್ಳಿಹಾಕುವುದು ನಮ್ಮ ರೂಢಿ. ಮೂವತ್ತು ವರ್ಷಕ್ಕೂ ಮಿಕ್ಕಿ ಕಪ್ಪುಹಲಗೆಯ ಮುಂದೆ ನಿಂತು, ಮಕ್ಕಳ ತಗ್ಗಾದ ಡೆಸ್ಕುಗಳ ಮೇಲೆ ಬಾಗಿ ನೋಟುಪುಸ್ತಕ ತಿದ್ದಿದ ನನಗೆ ಸೊಂಟನೋವು ಹಳೆಯ ಪರಿಚಯ. ಓದಿ, ವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಬೆನ್ನುಮೂಳೆ ಒಂದೇ ಕೋಲಲ್ಲ. ಅದು ಸಾಮಾನ್ಯವಾಗಿ ೩೩ ಮೂಳೆಮಣಿಗಳ ಸರ. ಮೇಲಿನ ೨೪ ಮಣಿಗಳು ಅಲುಗಾಡುತ್ತವೆ, ಕೆಳಗಿನವು ಬೆಸೆದುಕೊಂಡಿರುತ್ತವೆ. ಅಲುಗಾಡುವ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಪ್ರಾಯದವರಲ್ಲಿ ಈ ಮೆತ್ತೆಗಳಿಗೆ ನೇರವಾದ ರಕ್ತಸಂಚಾರ ಇಲ್ಲವೆನ್ನುವಷ್ಟು ಕಡಿಮೆ. ಸುತ್ತಣ ಭಾಗದಿಂದ ಒಸರಿ ಬರುವ ಸತ್ತ್ವವೇ ಅವುಗಳ ಆಹಾರ. ರಾತ್ರಿ ಮಲಗಿದಾಗ ಅವು ನೀರು ಹೀರಿ ಉಬ್ಬುತ್ತವೆ, ಹಗಲಿನ ಭಾರಕ್ಕೆ ಕುಗ್ಗುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತೇವೆಂದರೆ ಆಶ್ಚರ್ಯವಾಗಬಹುದು. ಉಬ್ಬಿದ ಮೆತ್ತೆ ಬಾಗುವಾಗ ಹೆಚ್ಚು ಬಿಗಿಯಾಗಿರುವುದರಿಂದ, ಹಾಸಿಗೆಯಿಂದ ಎದ್ದವರೇ ಬಗ್ಗಿ ತುಂಬಿದ ಕೊಡವನ್ನೆತ್ತದೆ, ಸ್ವಲ್ಪ ಹೊತ್ತು ಓಡಾಡಿ ಕೆಲಸಕ್ಕೆ ತೊಡಗುವುದು ಲೇಸು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೬೧.೯ ಕೋಟಿ ಜನರಿಗೆ ಸೊಂಟನೋವಿತ್ತು. ಇವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ನೋವಿಗೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಸ್ನಾಯು, ಕೀಲು, ದುಡಿಮೆಯ ಬಗೆ, ನಿದ್ರೆ, ಮನಸ್ಸಿನ ಚಿಂತೆ ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ಕೆಸರುಗದ್ದೆಯಲ್ಲಿ ದಿನವಿಡೀ ಬಾಗಿ ನಾಟಿ ಮಾಡುವ ಹೆಂಗಸರನ್ನು ನೋಡಿ. ಕರಾವಳಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟು ತಲೆತಗ್ಗಿಸಿ ಬೀಡಿ ಕಟ್ಟುವವರನ್ನು, ಹೊಂಡಬಿದ್ದ ರಸ್ತೆಯ ಕುಲುಕಾಟವನ್ನೆಲ್ಲ ಸೊಂಟದಲ್ಲಿ ತುಂಬಿಕೊಳ್ಳುವ ಬಸ್ಸು ಚಾಲಕರನ್ನು ನೋಡಿ. ಕಂಪ್ಯೂಟರಿನೆದುರು ಗಂಟೆಗಟ್ಟಲೆ ಮಿಸುಕದೆ ಕೂರುವ ನಮ್ಮ ಮಕ್ಕಳೂ ಬೇರೆಯಲ್ಲ. ಒಬ್ಬರದು ಅತಿ ದುಡಿಮೆ, ಇನ್ನೊಬ್ಬರದು ಅತಿ ನಿಶ್ಚಲತೆ. ಸ್ಥೂಲಕಾಯ ಮತ್ತು ಧೂಮಪಾನಗಳೂ ನೋವಿಗೆ ಇಂಬು ಕೊಡುತ್ತವೆ.

ಮಕ್ಕಳ ಪಾಟೀಚೀಲದ ಮಾತು ಬಂದೇ ಬರುತ್ತದೆ. ಚೀಲದ ತೂಕ ಮಗುವಿನ ತೂಕದ ಶೇಕಡ ಹತ್ತನ್ನು ಮೀರಬಾರದೆಂದು ಕರ್ನಾಟಕ ಸರ್ಕಾರ ೨೦೧೯ರಲ್ಲಿ ಆದೇಶಿಸಿತು. ಒಂದು ಮತ್ತು ಎರಡನೆಯ ತರಗತಿಗೆ ಎರಡು ಕಿಲೋ, ಹತ್ತನೆಯ ತರಗತಿಗೆ ಐದು ಕಿಲೋ ಗರಿಷ್ಠ ಮಿತಿ. ಚೀಲವೊಂದೇ ಬೆನ್ನುನೋವಿಗೆ ಕಾರಣವೆಂದು ಸಾಧಿಸುವುದು ಕಷ್ಟವಾದರೂ, ಮುಂದಕ್ಕೆ ಬಾಗಿ ನಡೆಯುವ ಮಗುವನ್ನು ಕಂಡವರಿಗೆ ಆ ಆದೇಶದ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ನೋವು ಒಮ್ಮೆಗೇ ಬರುವುದುಂಟು. ಆದರೆ ಬಹಳ ಸಲ ಅದು ಮುನ್ಸೂಚನೆ ಕೊಟ್ಟೇ ಬರುತ್ತದೆ. ಕುಳಿತಲ್ಲಿಂದ ಏಳುವಾಗ ಕೈಯೂರಬೇಕಾಗುವುದು, ಮುಖ ತೊಳೆಯಲು ಬಾಗಿದಾಗ ಸೊಂಟ ಹಿಡಿದಂತಾಗುವುದು, ಸಂಜೆಯ ಹೊತ್ತಿಗೆ ನಡು ಬಿಗಿಯುವುದು ಇವೆಲ್ಲ ಸಾಮಾನ್ಯ ಲಕ್ಷಣಗಳು. ಪೃಷ್ಠದಿಂದ ಹೊರಟು ತೊಡೆಯ ಹಿಂಭಾಗವಾಗಿ ಪಾದದವರೆಗೆ ಸೆಳೆಯುವ ನೋವು ನರಕ್ಕೆ ಒತ್ತಡ ಬಿದ್ದುದರ ಗುರುತು. ಇದನ್ನೇ ಸಯಾಟಿಕಾ ಎನ್ನುವುದು. ನಮ್ಮ ಆಯುರ್ವೇದ ಇದಕ್ಕೆ ಗೃಧ್ರಸಿ ಎಂಬ ಹೆಸರಿಟ್ಟಿದೆ. ರೋಗಿಯ ಕುಂಟುನಡಿಗೆ ಹದ್ದಿನ ನಡಿಗೆಯಂತೆ ಕಾಣುವುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಜಾರಿದ ಡಿಸ್ಕು ನರವನ್ನೊತ್ತಿ ಈ ನೋವನ್ನುಂಟುಮಾಡಬಲ್ಲದೆಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ೧೯೩೪ರಲ್ಲಿ ತೋರಿಸಿಕೊಟ್ಟರು.

ಹಿಂದೆ ಸೊಂಟ ಹಿಡಿದವರಿಗೆ ವಾರಗಟ್ಟಲೆ ಹಲಗೆಯ ಮೇಲೆ ಮಲಗುವ ಶಿಕ್ಷೆಯಿತ್ತು. ಇಂದಿನ ವೈದ್ಯರು ಹಾಗೆ ಹೇಳುವುದಿಲ್ಲ. ಸಾಮಾನ್ಯ ನೋವಿಗೆ ದೀರ್ಘ ವಿಶ್ರಾಂತಿ ಮದ್ದಲ್ಲ, ಕೈಲಾದಷ್ಟು ನಡೆದಾಡುವುದೇ ಮದ್ದು. ಹೊಸದಾಗಿ ಬಂದ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಸ್ಕ್ಯಾನಿನ ವರದಿ ನೋಡಿ ಎದೆಗುಂದಬೇಕಾಗಿಯೂ ಇಲ್ಲ. ನೋವೇ ಇಲ್ಲದವರನ್ನು ಪರೀಕ್ಷಿಸಿದ ಅಧ್ಯಯನಗಳನ್ನು ೨೦೧೫ರಲ್ಲಿ ಒಟ್ಟುಗೂಡಿಸಿದಾಗ, ಇಪ್ಪತ್ತರ ಪ್ರಾಯದಲ್ಲಿ ನೂರಕ್ಕೆ ೩೭ ಮಂದಿಯಲ್ಲಿಯೂ ಎಂಬತ್ತರಲ್ಲಿ ೯೬ ಮಂದಿಯಲ್ಲಿಯೂ ಡಿಸ್ಕಿನ ಸವೆತ ಕಂಡಿತು. ತಲೆಗೂದಲು ನರೆತಂತೆ ಬೆನ್ನಿನ ಮೆತ್ತೆಯೂ ನರೆಯುತ್ತದೆ, ಅಷ್ಟೆ.

ಆದರೆ ಉಳಿದ ಆ ಒಂದು ಪಾಲು ಇದೆಯಲ್ಲ, ಅದನ್ನು ಮರೆಯಬಾರದು. ನನ್ನ ಸಹೋದ್ಯೋಗಿಯಾಗಿದ್ದ ಚಿತ್ರಕಲೆಯ ಮೇಷ್ಟರೊಬ್ಬರಿಗೆ ಬೆನ್ನಿನ ನಡುಭಾಗದಲ್ಲಿ ನೋವು ಕಾಣಿಸಿಕೊಂಡಿತು. ಎಣ್ಣೆ ತಿಕ್ಕಿಸಿಕೊಂಡರು, ಬೆಲ್ಟು ಕಟ್ಟಿದರು. ಮಲಗಿದರೂ ನೋವು ಬಿಡುತ್ತಿರಲಿಲ್ಲ. ಸಂಜೆಯಾದರೆ ಸಣ್ಣ ಜ್ವರ. ಅಂಗಿ ದಿನೇ ದಿನೇ ಸಡಿಲವಾಗುತ್ತಿತ್ತು. ಕೆಮ್ಮಿರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕಾಲುಗಳ ಶಕ್ತಿ ಕುಂದತೊಡಗಿದ ಮೇಲೆ ದೊಡ್ಡಾಸ್ಪತ್ರೆಗೆ ಹೋದಾಗ ತಿಳಿಯಿತು, ಅದು ಬೆನ್ನುಮೂಳೆಯ ಕ್ಷಯ. ಪರ್ಸಿವಲ್ ಪಾಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ ೧೭೭೯ರಲ್ಲಿಯೇ ವರ್ಣಿಸಿದ ಈ ರೋಗ ನಮ್ಮ ದೇಶದಲ್ಲಿ ಇಂದಿಗೂ ಇದೆ, ಮಾತ್ರೆಗಳಿಂದ ಗುಣವೂ ಆಗುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತ್ರೆ ನುಂಗಿ ಅವರು ಗುಣಮುಖರಾದರು, ನಡೆದು ಶಾಲೆಗೆ ಬಂದರು. ಆದರೆ ಅಷ್ಟರಲ್ಲಿ ಬೆನ್ನು ಬಾಗಿಹೋಗಿತ್ತು. ಕಪ್ಪುಹಲಗೆಯ ಮೇಲಂಚಿಗೆ ಅವರ ಕೈ ಮತ್ತೆ ಎಟುಕಲಿಲ್ಲ.

ಆದ್ದರಿಂದ ಈ ಲಕ್ಷಣಗಳನ್ನು ನೆನಪಿಡಬೇಕು. ವಿಶ್ರಾಂತಿಯಿಂದಲೂ ತಗ್ಗದ ರಾತ್ರಿಯ ನೋವು, ಜ್ವರ, ತೂಕ ಇಳಿಯುವುದು, ಮೊದಲು ಕ್ಯಾನ್ಸರ್ ಬಂದಿದ್ದವರಿಗೆ ಹೊಸದಾಗಿ ಬೆನ್ನುನೋವು, ಮುಪ್ಪಿನಲ್ಲಿ ಸಣ್ಣದಾಗಿ ಬಿದ್ದ ಮೇಲೂ ಉಳಿದ ನೋವು ಇವು ವೈದ್ಯರನ್ನು ತಡಮಾಡದೆ ಕಾಣಬೇಕಾದ ಲಕ್ಷಣಗಳು. ಕಾಲು ಸೋಲುವುದು, ತೊಡೆಗಳ ಸಂದಿನಲ್ಲಿ ಸ್ಪರ್ಶ ತಿಳಿಯದಾಗುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು ಕಂಡರೆ ಅಂದೇ ಆಸ್ಪತ್ರೆಗೆ ಧಾವಿಸಬೇಕು. ನಲವತ್ತರೊಳಗಿನ ತರುಣನ ಬೆನ್ನು ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮರಗಟ್ಟಿ, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅವನನ್ನು ಸೋಮಾರಿಯೆಂದು ಗದರಬಾರದು. ಅದು ಬೆನ್ನಿನ ಕೀಲುಗಳ ಉರಿಯೂತದ ರೋಗವಿರಬಹುದು. ಬೇಗ ಗುರುತಿಸಿದರೆ ಹತೋಟಿಗೆ ತರಬಹುದು.

ನಮ್ಮ ಮನೆಗಳ ಹೆಂಗಸರು ಬಾಯಿಬಿಟ್ಟು ಹೇಳುವುದು ಕಡಿಮೆ. ಸೆರಗು ಸೊಂಟಕ್ಕೆ ಬಿಗಿದು ಕೆಲಸ ಮುಂದುವರಿಸುತ್ತಾರೆ. ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಕಂಡರೆ ಎರಡು ಮಾತು ಕೇಳಿ: ರಾತ್ರಿ ನಿದ್ದೆ ಬರುತ್ತದೆಯೆ, ಕಾಲಿನಲ್ಲಿ ಶಕ್ತಿಯಿದೆಯೆ? ಇಷ್ಟು ಕೇಳಲು ವೈದ್ಯರೇ ಆಗಬೇಕಾಗಿಲ್ಲ.