ಗೊಬ್ಬರ, ಗೋವರ್, ದಡಾರ

ನಮ್ಮ ಪಕ್ಕದ ಮನೆಯ ಗದಗಿನ ಅಜ್ಜಿ ಮುಂಬೈಯ ಮುಲುಂಡ್‌ಗೆ ಬಂದು ನಲವತ್ತು ವರ್ಷವಾಯಿತು. ಅವರ ಮರಾಠಿ ಮಾತ್ರ ಇನ್ನೂ ತರಕಾರಿ ಗಾಡಿಯ ಹತ್ತಿರವೇ ನಿಂತಿದೆ. 2022ರ ನವೆಂಬರ್‌ನಲ್ಲಿ ಪಾಲಿಕೆಯ ಆರೋಗ್ಯ ಸೇವಿಕೆ ಬಾಗಿಲು ಬಡಿದು, ಮರಿಮಗನಿಗೆ ‘ಗೋವರ್’ ಲಸಿಕೆ ಆಗಿದೆಯೇ ಎಂದು ಕೇಳಿದರೆ ಅಜ್ಜಿ, “ತುಳಸಿಗೆ ಮೊನ್ನೆರ ಹಾಕೇವಿ” ಎಂದುಬಿಟ್ಟರು.

ನಾನು ದುಭಾಷಿಯಾದೆ. “ಗೊಬ್ಬರ ಅಲ್ಲ ಅಜ್ಜಿ, ದಡಾರ.”

“ಹಂಗಂದ್ರ?”

“ಮಕ್ಕಳಿಗೆ ಜ್ವರ, ನೆಗಡಿ, ಕೆಂಗಣ್ಣು, ಆಮೇಲೆ ಮೈತುಂಬ ಕೆಂಪು ಗುಳ್ಳೆ...”

“ಅದನ್ನ ಗೊಬ್ಬರ ಅಂತಾರ್ರೀ ನಮ್ಮ ಕಡೆ!”

ಸೋತೆ. ಮರಾಠಿಯಲ್ಲಿ ಗೋವರಿ ಎಂದರೆ ಬೆರಣಿ. ಗಡಿಯ ಎರಡೂ ಕಡೆ ಈ ರೋಗಕ್ಕೆ ಸಗಣಿಯ ನೆಂಟಸ್ತಿಕೆ ಹೇಗೆ ಬಂತೋ, ಭಾಷಾಶಾಸ್ತ್ರಜ್ಞರೇ ಹೇಳಬೇಕು. ದಕ್ಷಿಣದ ನಾನು ದಡಾರ ಎಂದು ಹಿಡಿದುಕೊಂಡು ಕೂತಿದ್ದೆ.

ಆ ವರ್ಷ ಗೋವಂಡಿಯಲ್ಲಿ ದಡಾರ ಜೋರಾಗಿತ್ತು. ಮಕ್ಕಳು ಸತ್ತರು, ಕಸ್ತೂರಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ಹಾಸಿಗೆ ತೆಗೆದಿಟ್ಟರು. ಕೋವಿಡ್ ಗದ್ದಲದಲ್ಲಿ ಎಷ್ಟೋ ಕೂಸುಗಳ ಲಸಿಕೆ ತಪ್ಪಿಹೋಗಿತ್ತು. ‘ಗೋವಂಡಿ ಹಾರ್ಬರ್ ಲೈನು, ನಮ್ಮದು ಸೆಂಟ್ರಲ್’ ಎಂದು ನಮ್ಮ ಬಿಲ್ಡಿಂಗಿನವರೊಬ್ಬರು ಧೈರ್ಯ ಹೇಳಿದರು. ಎರಡೂ ಲೈನು ಕುರ್ಲಾದಲ್ಲಿ ಸೇರುವುದು ಅವರಿಗೆ ಮರೆತಿತ್ತು. ದಡಾರದ ವೈರಾಣು ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿರಬಲ್ಲದು. ಸ್ಲೋ ಲೋಕಲ್‌ನಲ್ಲಿ ಸಿಎಸ್‌ಟಿಗೆ ಹೋಗಿ ಬರುವಷ್ಟು ಹೊತ್ತು! ಲಸಿಕೆಯಿಲ್ಲದವರ ನಡುವೆ ಒಬ್ಬನಿಂದ 12ರಿಂದ 18 ಮಂದಿಗೆ ಹತ್ತುತ್ತದೆ. ಲೋಕಲ್‌ನ ನಾಲ್ಕನೇ ಸೀಟಿಗೂ ಜಗಳವಾಡುವ ಊರು ನಮ್ಮದು.

“ಬೇವಿನ ತೊಪ್ಪಲ ಐತಲ್ಲ, ಸೂಜಿ ಯಾಕ?” ಎಂದರು ಅಜ್ಜಿ. ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ದಡಾರ ಬಂದಾಗ ಒಗ್ಗರಣೆ ನಿಲ್ಲುತ್ತಿತ್ತು. ಬೇವಿನೆಲೆಯ ಮೇಲೆ ಮಲಗಿಸುತ್ತಿದ್ದರು. ಬೇರೆ ಏನಿತ್ತು ಕೈಯಲ್ಲಿ?

ದವಾಖಾನೆಗೆ ಮೂವರೂ ಹೋದೆವು. ನರ್ಸ್ ಪುಟ್ಟ ಬಾಟಲಿ ತೆಗೆದರು. ತಳದಲ್ಲಿ ಚಿಟಿಕೆ ಒಣಪುಡಿ. ಅದಕ್ಕೆ ನೀರಿನಂಥದ್ದೇನನ್ನೋ ಬೆರೆಸಿ, ಲೇಬಲ್ ಮೇಲೆ ಪೆನ್ನಿನಲ್ಲಿ ವೇಳೆ ಬರೆದರು: 10.20. ಬೆರೆಸಿದ ಮೇಲೆ ನಾಲ್ಕೇ ಗಂಟೆ, ಉಳಿದದ್ದನ್ನು ಎಸೆಯಬೇಕು. ಇಡ್ಲಿ ಹಿಟ್ಟಿಗೂ ಇಷ್ಟು ಕಟ್ಟುನಿಟ್ಟಿಲ್ಲ. ಈ ಪುಡಿಯೊಳಗಿನ ದಡಾರದ ತಳಿಯ ಮೂಲ, 1954ರಲ್ಲಿ ಬಾಸ್ಟನ್ ಹತ್ತಿರದ ಶಾಲೆಯೊಂದರಲ್ಲಿ ದಡಾರ ಬಂದು ಮಲಗಿದ್ದ ಡೇವಿಡ್ ಎಡ್ಮನ್‌ಸ್ಟನ್ ಎಂಬ ಹುಡುಗ. ಅವನ ಜ್ವರವನ್ನು ಸಾಧುಮಾಡಿ, ಪುಣೆಯಲ್ಲಿ ಬಾಟಲಿಗೆ ತುಂಬಿ, ಗದಗಿನ ಕೂಸಿನ ಬಲತೋಳಿಗೆ ಚುಚ್ಚುತ್ತಾರೆಂದರೆ ಅಜ್ಜಿ ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಬರುವುದಿಲ್ಲ, ನಿಜ ಗೊತ್ತಿದ್ದೂ.

ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು. ಕಾರ್ಡಿನಲ್ಲಿ ಮೊದಲನೆಯದರ ಚೌಕ ತುಂಬಿತು, ಎರಡನೆಯದರದು ಇನ್ನೂ ಖಾಲಿಯಿತ್ತು. ವಾರದ ಮೇಲೆ ಸ್ವಲ್ಪ ಜ್ವರ ಬಂದರೆ ಹೆದರಬೇಡಿ ಎಂದೂ ನರ್ಸ್ ಹೇಳಿ ಕಳಿಸಿದರು.

ಎಂಟನೇ ದಿನ ಮೈ ಬೆಚ್ಚಗಾಯಿತು. ನೋಡಲು ಹೋದೆ. ಕೂಸು ಆಡಿಕೊಂಡಿತ್ತು. ದಿಂಬಿನಡಿಯಿಂದ ಬೇವಿನ ಎಸಳೊಂದು ಇಣುಕುತ್ತಿತ್ತು.

“ಅದು ಇರಲಿ ತಮ್ಮಾ,” ಎಂದರು ಅಜ್ಜಿ. “ಎರಡನೇ ಸೂಜಿ ಯಾವಾಗ ಅಂದಿ?”