ನುಡಿಯೊಂದು, ನಾಡೊಂದು



ನಾವು ಉಪಾಧ್ಯಾಯಿನಿಯ ವೃತ್ತಿಯನ್ನು ಕೈಕೊಂಡ ಮೊದಲ ವರುಷಗಳ ಮಾತು. ಒಂದು ದಿನ ತರಗತಿಯಲ್ಲಿ ‘ನೀಲಿ ಹಕ್ಕಿ’ ಎಂಬ ನಾಟಕದ ಕಥೆಯನ್ನು ವಿವರಿಸುತ್ತ, ಅದನ್ನು ಫ್ರೆಂಚ್ ಭಾಷೆಯಲ್ಲಿ ರಚಿಸಿದ ಮಾರಿಸ್ ಮೇಟರ್ಲಿಂಕರು ಫ್ರಾನ್ಸ್ ದೇಶದವರೆಂದು ಹೇಳಿಬಿಟ್ಟೆವು. ಬಾಲಕಿಯೊಬ್ಬಳು ಎದ್ದು, “ಅಮ್ಮಾ, ಅವರು ಗೆಂಟ್ ಪಟ್ಟಣದಲ್ಲಿ ಹುಟ್ಟಿದರೆಂದು ಪುಸ್ತಕದಲ್ಲಿದೆ. ನಕ್ಷೆಯಲ್ಲಿ ಆ ಪಟ್ಟಣವು ಬೆಲ್ಜಿಯಂನಲ್ಲಿದೆಯಲ್ಲಾ?” ಎಂದಳು. ನಾವು ಆಕೆಯನ್ನು ಗದರಿಸಿ ಕುಳ್ಳಿರಿಸಿದೆವು. ಸಾಯಂಕಾಲ ನೋಡಲಾಗಿ ಆಕೆಯ ಮಾತೇ ನಿಜವಾಗಿದ್ದಿತು. ಆದರೂ ಮರುದಿನ ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವು ನಮಗುಂಟಾಗಲಿಲ್ಲ.

ನುಡಿಯನ್ನು ಕಂಡು ನಾಡನ್ನು ಊಹಿಸಿದುದೇ ನಮ್ಮ ತಪ್ಪು. 1830ರಲ್ಲಿ ಸ್ವತಂತ್ರವಾದ ಬೆಲ್ಜಿಯಂನಲ್ಲಿ ಉತ್ತರದ ಫ್ಲಾಂಡರ್ಸಿನವರು ಡಚ್ಚನ್ನೂ, ದಕ್ಷಿಣದ ವಲೋನಿಯದವರು ಫ್ರೆಂಚನ್ನೂ ಆಡುವರು. ರಾಜಧಾನಿಯಾದ ಬ್ರಸೆಲ್ಸಿನಲ್ಲಿ ಎರಡಕ್ಕೂ ಮಾನ್ಯತೆಯುಂಟು. ಆದರೆ ಬಹುಕಾಲ ಸರಕಾರಕ್ಕೂ ಉನ್ನತ ವಿದ್ಯೆಗೂ ಫ್ರೆಂಚೇ ಭಾಷೆಯಾಗಿದ್ದಿತು. ಡಚ್ಚಿನಲ್ಲಿ ಪ್ರಕಟವಾದ ಕಾನೂನಿಗೆ ಸಮಾನಸ್ಥಾನ ದೊರೆತುದು 1898ರಲ್ಲಿ. ಗೆಂಟಿನ ವಿಶ್ವವಿದ್ಯಾನಿಲಯವು ಡಚ್ಚಿನದಾದುದು 1930ರಲ್ಲಿ. ಆದುದರಿಂದಲೇ 1862ರಲ್ಲಿ ಅದೇ ಊರಿನಲ್ಲಿ ಜನಿಸಿದ ಮೇಟರ್ಲಿಂಕರು ಫ್ರೆಂಚಿನಲ್ಲಿ ಓದಿ, ಫ್ರೆಂಚಿನಲ್ಲಿ ಬರೆದು, 1911ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಫ್ಲಾಂಡರ್ಸಿನ ಬಯಲುಗಳನ್ನು ಹಾಡಿದ ಕವಿ ಎಮಿಲ್ ವೆರ್ಹಾರೆನರೂ ಫ್ರೆಂಚಿನಲ್ಲಿಯೇ ಬರೆದರು.

ಹೆಂಡ್ರಿಕ್ ಕಾನ್ಸಿಯಾನ್ಸರಾದರೋ ಬೇರೆ ದಾರಿಯನ್ನು ಹಿಡಿದರು. ಇವರ ತಂದೆ ಫ್ರೆಂಚರು, ತಾಯಿ ಫ್ಲಾಂಡರ್ಸಿನವರು. ಇವರು ತಾಯಿಯ ನುಡಿಯನ್ನೇ ಆರಿಸಿಕೊಂಡು, 1838ರಲ್ಲಿ ‘ಫ್ಲಾಂಡರ್ಸಿನ ಸಿಂಹ’ವೆಂಬ ಕಾದಂಬರಿಯನ್ನು ಪ್ರಕಟಿಸಿದರು. ತನ್ನ ಜನಕ್ಕೆ ಓದಲು ಕಲಿಸಿದಾತನೆಂದು ಅವರನ್ನು ಇಂದಿಗೂ ಕೊಂಡಾಡುವರು. ಉಪಾಧ್ಯಾಯರಿಗೆ ಇದಕ್ಕಿಂತ ಹಿರಿದಾದ ಬಿರುದುಂಟೆ? ಪಾದ್ರಿಯೂ ಉಪಾಧ್ಯಾಯರೂ ಆಗಿದ್ದ ಗೀಡೊ ಗೆಜೆಲ್ಲೆಯವರು ಹಳ್ಳಿಗರ ಆಡುಮಾತನ್ನೇ ಕಾವ್ಯಕ್ಕೆ ತಂದರು.

ಇವರಲ್ಲಿ ಯಾರನ್ನು ಬೆಲ್ಜಿಯಂನವರಲ್ಲವೆಂದು ಹೇಳಲಾದೀತು? ಶಾಲೆಯಲ್ಲಿ ಕಲಿತ ನುಡಿಯಲ್ಲಿ ಬರೆದವರೂ ಆ ಮಣ್ಣಿನ ಮಕ್ಕಳೇ. ಮನೆಯ ನುಡಿಯಲ್ಲಿ ಬರೆದವರೂ ಆ ಮಣ್ಣಿನ ಮಕ್ಕಳೇ. ಇಂದಿಗೂ ಅಲ್ಲಿನ ಸಾಹಿತ್ಯ ಅಕಾಡೆಮಿಗಳು ನುಡಿಗೊಂದರಂತೆ ಬೇರೆಬೇರೆಯಾಗಿವೆ. ಒಂದು ನುಡಿಯ ಓದುಗರು ನೆರೆಯ ನುಡಿಯ ಕೃತಿಯನ್ನು ಹಲವು ವೇಳೆ ಭಾಷಾಂತರದಿಂದಲೇ ಅರಿಯಬೇಕಾಗಿದೆ.

ಆ ಬಾಲಕಿಯು ಈಗ ಗೃಹಿಣಿಯಾಗಿ, ತನ್ನ ಮಗಳ ಕೈಗೆ ನಕ್ಷೆಯನ್ನು ಕೊಟ್ಟಿರಬಹುದು. ಈ ಸಂಚಿಕೆಯು ಆಕೆಯನ್ನು ಮುಟ್ಟಿದರೆ ನಮ್ಮ ಬಿನ್ನಹವಿಷ್ಟೆ: ಮಗಳೇ, ಅಂದು ನೀನು ಹೇಳಿದುದೇ ಸರಿ. ಕುಳಿತುಕೊಳ್ಳಬೇಕಾದವರು ನಾವಾಗಿದ್ದೆವು.